ತಂಬೂರಿ ಕೋಣೆಯ ಬೀಗ

ವಿಶ್ವವಿದ್ಯಾಲಯದ ಸಂಗೀತದ ಕೋಣೆಯಲ್ಲಿ ನಾನು ತಂಬೂರಿ ಮೀಟಿದರೆ ಕ್ಯಾಂಪಸ್ಸಿನ ನವಿಲುಗಳೆಲ್ಲ ಸಾಲಾಗಿ ಬಂದು ಕೂರುತ್ತಿದ್ದವು. ಸುಳ್ಳು ಬಿಡಿ. ಆ ಕೋಣೆಗೆ ಸದಾ ಬೀಗ. ಅದರ ಬಾಗಿಲಿಗೆ ಒರಗಿ ನಾನು ನಿದ್ದೆ ಮಾಡಿದ್ದಷ್ಟೇ ನಿಜ. ಹಾಗೆ ಒರಗಿದ್ದ ಒಂದು ಮಧ್ಯಾಹ್ನ ಬೀಗವೂ ತಂಬೂರಿಯೂ ಮಾತಾಡಿದ್ದು ಕೇಳಿಸಿತು.

"ನಾನಿರುವುದರಿಂದ ನಿನ್ನ ಮೈಮೇಲೆ ಒಂದು ಗೀರೂ ಇಲ್ಲ," ಎಂದಿತು ಬೀಗ.

"ಬಾಯಲ್ಲಿ ಒಂದು ಸ್ವರವೂ ಇಲ್ಲ ಮಾರಾಯ. ಯಾರೂ ಮುಟ್ಟದ ವಾದ್ಯವೆಂದು ನಾಳೆ ನನ್ನನ್ನು ಗುಜರಿಗೆ ಹಾಕುತ್ತಾರೆ. ಇವತ್ತೊಂದು ದಿನ ತೆರೆದುಕೋ."

"ಯಾರಿಗೆ, ವಿದ್ಯಾರ್ಥಿಗಳಿಗಾ? ಹಾಡಲು ಬಾರದವರ ಕೈಗೆ ನಿನ್ನನ್ನು ಕೊಡಲಾರೆ."

ಆ ಹೊತ್ತಿಗೆ ರಸಾಯನಶಾಸ್ತ್ರ ಓದುವ ಶಾಂಭವಿ ಹೊರಗಿನ ಮೆಟ್ಟಿಲ ಮೇಲೆ ಕೂತು, ಬುತ್ತಿ ಬಿಚ್ಚುತ್ತ, ತನ್ನಷ್ಟಕ್ಕೆ ಒಂದು ಸ್ವರ ಗುನುಗಿದಳು. ಒಳಗೆ ಕತ್ತಲಲ್ಲಿ, ಯಾರೂ ಮೀಟದ ತಂತಿ ಅದೇ ಸ್ವರದಲ್ಲಿ ಮೆಲ್ಲಗೆ ಮಿಡಿಯಿತು. ಬಾಗಿಲು ಕಂಪಿಸಿತು. ಬೀಗದ ಕಬ್ಬಿಣದೊಳಗೂ ಆ ನಾದ ಹರಿಯಿತು.

"ಒಳಗೆ ಯಾರಿದ್ದೀರಿ?" ಎಂದಳು ಶಾಂಭವಿ, ತುತ್ತು ಕೈಯಲ್ಲೇ ಹಿಡಿದು.

ಬೀಗ ತಂಬೂರಿಯನ್ನು ಕೇಳಿತು, "ಇಷ್ಟು ವರ್ಷ ನಾನು ಒಳಗೆ ಕೂಡಿಹಾಕಿದ್ದು ಇದನ್ನೇ ಏನು?"

"ಒಳಗಿದ್ದದ್ದು ಅರ್ಧ ಮಾತ್ರ. ಉಳಿದರ್ಧ ಹೊರಗೆ ಬುತ್ತಿ ಬಿಚ್ಚಿಕೊಂಡು ಕೂತಿದೆ."

ಬೀಗ ತಾನಾಗಿ ತೆರೆದುಕೊಂಡು ಕೆಳಕ್ಕೆ ಬಿತ್ತು. ಶಾಂಭವಿ ಚಪ್ಪಲಿ ಕಳಚಿ ಒಳಗೆ ಹೋದಳು.

ಬೀಗ ಬಿದ್ದದ್ದು ನನ್ನ ತಲೆಯ ಮೇಲೆ. ನಂಬಿಕೆ ಬರದಿದ್ದರೆ ಈ ಬುಗುಟು ಮುಟ್ಟಿ ನೋಡಿ. ನೋಡಿಯಾದ ಮೇಲೆ ನನ್ನ ಚಹಾದ ಕಾಸನ್ನೂ ನೀವೇ ಕೊಟ್ಟುಬಿಡಿ.