ಹೊನ್ನವ್ವನ ಹಸಿವು

"ಗುರುಗಳೇ, ಹರಕೆ ಹೊತ್ತು ಪಡೆದ ಬಸಿರನ್ನು ತಾನೇ ಬೇಡವೆಂದು ಕಳೆದುಕೊಂಡ ಹೆಣ್ಣಿನ ಪಾಪಕ್ಕೆ ಪರಿಹಾರ ಉಂಟೇ?" ಎಂದು ಶಿಷ್ಯ ಮುರಿಗೆಯ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿ ಹೊನ್ನವ್ವ. ಮದುವೆಯಾಗಿ ಒಂಬತ್ತು ವರ್ಷ ಅವರಿಗೆ ಮಕ್ಕಳಾಗಲಿಲ್ಲ. ಹರಕೆ ಹೊತ್ತ ಮೇಲೆ, ಹತ್ತನೆಯ ವರ್ಷ ಹೊನ್ನವ್ವ ಬಸಿರಾದಳು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದಳು.

ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು. ಮೊದಮೊದಲು ಅದನ್ನೂ ಎಲ್ಲರೂ ಸಂತೋಷದಿಂದಲೇ ನೋಡಿದರು. ಆದರೆ ಅದು ನಿಲ್ಲಲಿಲ್ಲ. ಹೊಟ್ಟೆಯಲ್ಲಿ ಅನ್ನ ಉಳಿಯಲಿಲ್ಲ, ಅಂಬಲಿ ಉಳಿಯಲಿಲ್ಲ, ಕೊನೆಗೆ ನೀರೂ ಉಳಿಯಲಿಲ್ಲ. ನೂಲಿಗೆ ಹಚ್ಚುವ ಗಂಜಿಯ ವಾಸನೆ ಬಂದರೆ ಸಾಕು, ಕರುಳು ಕಿತ್ತು ಬರುವಂತೆ ಓಕರಿಸುತ್ತಿದ್ದಳು. ಮಗ್ಗ ನಿಲ್ಲಿಸುವಂತಿರಲಿಲ್ಲ. ಆಕೆಯ ಚಾಪೆಯನ್ನೇ ಹಿತ್ತಲ ಕೋಣೆಗೆ ಹಾಕಿದರು.

ಒಂದು ದಿನ ಹೊನ್ನವ್ವ, "ಅತ್ತೆ, ನನ್ನ ಕೈಲಿ ಆಗುತ್ತಿಲ್ಲ. ವೈದ್ಯರನ್ನು ಕರೆಸಿ" ಎಂದಳು.

"ನಾನು ಐದು ಹೆತ್ತವಳು. ವಾಂತಿಗೆಲ್ಲ ಯಾರಾದರೂ ವೈದ್ಯರನ್ನು ಕರೆಸುತ್ತಾರೆಯೇ?" ಎಂದಳು ಅತ್ತೆ. ಆಕೆ ಕೆಟ್ಟವಳಲ್ಲ. ತನಗೆ ಗೊತ್ತಿದ್ದುದನ್ನು ಹೇಳಿದಳು.

ಹೀಗೆ ಒಂದೂವರೆ ತಿಂಗಳು ಕಳೆಯಿತು. ಹೊನ್ನವ್ವನ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಮೂತ್ರ ಹೆಚ್ಚುಕಡಿಮೆ ನಿಂತೇಹೋಯಿತು. ಒಂದು ಬೆಳಿಗ್ಗೆ ಆಕೆ ಗಂಡನ ಗುರುತು ಹಿಡಿಯಲಿಲ್ಲ. ಆಗ ನೇಕಾರ ಹೆದರಿ ವೈದ್ಯನನ್ನು ಕರೆತಂದ.

ವೈದ್ಯ ನಾಡಿ ಹಿಡಿದ, ನಾಲಿಗೆ ನೋಡಿದ. ಕೊಟ್ಟ ಮದ್ದು ಕೊಟ್ಟ ಹಾಗೆಯೇ ಹೊರಗೆ ಬಂತು. ಮೂರು ದಿನ ಅಲ್ಲೇ ಉಳಿದು, ಹನಿಹನಿಯಾಗಿ ನೀರು ಹಾಕಿ, ತನಗೆ ತಿಳಿದುದನ್ನೆಲ್ಲ ಮಾಡಿದ. ಆಕೆಗೆ ಎಚ್ಚರ ಬಂತು, ಅಷ್ಟೇ. ನಾಲ್ಕನೆಯ ದಿನ ಮನೆಯವರನ್ನು ಕರೆದು, "ತಿಂಗಳ ಹಿಂದೆ ಕರೆದಿದ್ದರೆ ಬೇರೆ ದಾರಿ ಇತ್ತು. ಈಗ ಬಸಿರು ಇಳಿಸಿದರೆ ತಾಯಿ ಉಳಿದಾಳು. ಇಲ್ಲದಿದ್ದರೆ ಇನ್ನೊಂದು ವಾರ" ಎಂದ.

ಅತ್ತೆ ಹೋಗಿ ದೇವರ ಮುಂದೆ ಕುಳಿತಳು. ನೇಕಾರ ಹೆಂಡತಿಯ ಬಳಿ ಹೋಗಿ, "ನೀನು ಹೇಗೆ ಹೇಳುತ್ತೀಯೋ ಹಾಗೆ" ಎಂದು ತಲೆ ತಗ್ಗಿಸಿದ. ಮಗ್ಗುಲಾಗಲೂ ತ್ರಾಣವಿಲ್ಲದವಳ ಮೇಲೆ ಆ ಭಾರ ಬಿತ್ತು.

"ಆ ಒಂದು ವಾರ ನಾನು ತಡೆದುಕೊಂಡರೆ ಕೂಸು ಉಳಿಯುತ್ತದೆಯೇ?" ಎಂದು ಹೊನ್ನವ್ವ ವೈದ್ಯನನ್ನು ಕೇಳಿದಳು.

"ಇಲ್ಲ ತಾಯಿ. ನಿನ್ನ ಜೊತೆಗೇ ಹೋಗುತ್ತದೆ."

ಆಕೆ ಕಣ್ಣು ಮುಚ್ಚಿದಳು. ಕಣ್ಣು ತೆರೆಯದೆಯೇ, "ಮದ್ದು ಕೊಡಿ" ಎಂದಳು.

ವೈದ್ಯ ಆ ಮದ್ದನ್ನೂ ಹನಿಹನಿಯಾಗಿಯೇ ಕುಡಿಸಿದ. ಎರಡು ದಿನದಲ್ಲಿ ಎಲ್ಲ ಮುಗಿಯಿತು. ಮೂರನೆಯ ದಿನ ಹೊನ್ನವ್ವ ಒಂದು ಗುಟುಕು ನೀರು ಕುಡಿದಳು. ಅದು ಹೊರಗೆ ಬರುತ್ತದೆಂದು ಬಟ್ಟಲು ಹಿಡಿದು ಕಾದಳು. ಬರಲಿಲ್ಲ. ಆಗ ಅತ್ತಳು.

ವಾರ ಕಳೆಯುವಷ್ಟರಲ್ಲಿ ಹಸಿವು ಹುಟ್ಟಿತು. ಹಿಂದೆಂದೂ ಇಲ್ಲದಂಥ ಹಸಿವು. ಕೂಸನ್ನು ಕಳೆದುಕೊಂಡೂ ಅನ್ನ ಬೇಡುವ ತನ್ನ ಹೊಟ್ಟೆಯನ್ನು ಕಂಡರೆ ಆಕೆಗೆ ಹೇಸಿಗೆಯಾಗುತ್ತಿತ್ತು. ಎಲ್ಲರೂ ಉಂಡು ಎದ್ದ ಮೇಲೆ, ಒಲೆಯ ಮರೆಯಲ್ಲಿ ಕುಳಿತು, ಕಳ್ಳಿಯಂತೆ ಉಣ್ಣುತ್ತಿದ್ದಳು.

ಒಮ್ಮೆ ಅತ್ತೆ ನೆರೆಯವಳೊಡನೆ, "ಇನ್ನು ನಾಲ್ಕು ದಿನ ತಾಳಿದ್ದರೆ ತಾನಾಗಿಯೇ ನಿಲ್ಲುತ್ತಿತ್ತೇನೋ" ಎಂದಳು. ಅದು ಹೊನ್ನವ್ವನ ಕಿವಿಗೆ ಬಿತ್ತು. ವೈದ್ಯ ಸುಳ್ಳು ಹೇಳಿರಲಾರ ಎಂದು ಆಕೆಗೆ ಗೊತ್ತಿತ್ತು. ಆದರೂ ಆ ನಾಲ್ಕು ದಿನಗಳ ಲೆಕ್ಕ ಆಕೆಯನ್ನು ಬಿಡಲಿಲ್ಲ. ಗಂಡನನ್ನು ಕೇಳಿದಳು. ಅವನು ನೇಯುತ್ತಲೇ ಇದ್ದ. ಓಣಿಯ ಹೆಂಗಸರು ಆಕೆಯನ್ನು ತೊಟ್ಟಿಲ ಶಾಸ್ತ್ರಗಳಿಗೆ ಕರೆಯುವುದನ್ನು ಬಿಟ್ಟರು. ಮತ್ತೊಮ್ಮೆ ಬಸಿರಾಗುವ ಧೈರ್ಯ ಆಕೆಗೂ ಬರಲಿಲ್ಲ, ಗಂಡನಿಗೂ ಬರಲಿಲ್ಲ. ನೂಲು ಸುತ್ತುತ್ತಲೇ ಆಕೆ ಮುದುಕಿಯಾದಳು.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಯ್ಯ ಯೋಚಿಸಿ, "ಹಾಗಾದರೆ ಪಾಪ ಯಾರದು ಗುರುಗಳೇ? ಮದ್ದು ಕುಡಿದವಳದೋ, ಕೊಟ್ಟವನದೋ, ತಡಮಾಡಿದವರದೋ?" ಎಂದು ಕೇಳಿದ.

"ಪಾಪ ಯಾರದೆಂದು ಕೇಳಲು ಊರಿಗೆ ಊರೇ ಆ ಮನೆಗೆ ಬಂದಿತ್ತು ಮುರಿಗೆಯ್ಯಾ, 'ಊಟವಾಯಿತೇ ತಾಯಿ' ಎಂದು ಕೇಳಿದವರು ಒಬ್ಬರೂ ಇರಲಿಲ್ಲ."