ದರ್ಜಿಯ ಅಂಗಿಯ ಮೂರು ಹೊಲಿಗೆ

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಒಂದು ಬುಧವಾರ, ಏಳನೇ ತರಗತಿಯ ಗಣಿತ ಪರೀಕ್ಷೆಯ ಬೆಳಿಗ್ಗೆ. ಆಮೇಲೆ ಯಾವ ಊರಲ್ಲೂ ಎರಡು ವರ್ಷ ನಿಂತವನಲ್ಲ. ಅರವತ್ತು ದಾಟಿದ ಮೇಲೆ ಒಬ್ಬ ಗುರುಗಳ ಮಠದಲ್ಲಿ ಸೌದೆ ಒಡೆದುಕೊಂಡಿದ್ದೆ. ಅಲ್ಲಿಗೆ ಅತ್ತಿಗೆಯ ಫೋನ್ ಬಂತು. ಅಣ್ಣ ಗುರುಮಲ್ಲಪ್ಪನಿಗೆ ರಕ್ತದ ಕ್ಯಾನ್ಸರ್. ರೋಗ ಹತೋಟಿಯಲ್ಲಿದೆಯಂತೆ, ಆದರೆ ಅವನು ಊಟ ಬಿಟ್ಟಿದ್ದಾನೆ, ಮಾತು ಬಿಟ್ಟಿದ್ದಾನೆ. ಒಮ್ಮೆ ಬಂದು ಹೋಗಪ್ಪ ಅಂದರು.

ನಾನು ಗುರುಗಳನ್ನು ಕೇಳಿದೆ: "ಬುದ್ಧಿ, ಎಪ್ಪತ್ತರ ಮೇಲೆ ಅಂಥ ಕಾಯಿಲೆ ಬಂದರೆ ಯಾರ ಮನಸ್ಸಾದರೂ ಕುಗ್ಗುತ್ತದೆ. ಅದು ಸಹಜ ತಾನೇ? ರಕ್ತಕ್ಕೆ ಡಾಕ್ಟರಿದ್ದಾರೆ. ನಾನು ಹೋಗಿ ಮಾಡುವುದೇನು?"

ಗುರುಗಳು ಕೂರಲು ಹೇಳಿ, ಈ ಕತೆ ಹೇಳಿದರು.

ಒಬ್ಬ ದರ್ಜಿ ಇದ್ದ. ಅವನಿಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್ ಕಾಣಿಸಿತು. ಡಾಕ್ಟರು, "ಈಗಲೇ ಔಷಧಿ ಬೇಡ, ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಿ" ಅಂದರು. ಮುದುಕ ಅಂತ ಕೈಬಿಟ್ಟರು ಎಂದು ದರ್ಜಿ ತಿಳಿದ. ಬಾಯಿ ಬಿಟ್ಟು ಕೇಳಲಿಲ್ಲ.

ಅಂದಿನಿಂದ ಅವನಿಗೆ ನಿದ್ದೆ ಇಲ್ಲ. ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಬಟ್ಟೆ ತಂದವರಿಗೆ ಇಂಥ ದಿನ ಕೊಡುತ್ತೇನೆ ಅನ್ನುವುದನ್ನು ನಿಲ್ಲಿಸಿದ. ಮೈ ಇಳಿಯಿತು. ರೋಗವೇ ತಿನ್ನುತ್ತಿದೆ, ಮೈ ಇಳಿದದ್ದು ಹೆಂಡತಿಗೆ ಗೊತ್ತಾದರೆ ಅವಳು ತಡೆದುಕೊಳ್ಳಲಾರಳು ಎಂದು ಹೆದರಿ, ತನ್ನ ಅಂಗಿಯ ಎರಡೂ ಬದಿಗೆ ಒಂದು ಬೆರಳಷ್ಟು ಒಳಗೆ ಹೊಲಿಗೆ ಹಾಕಿದ. ಇನ್ನಷ್ಟು ಇಳಿದಾಗ ಇನ್ನೊಂದು, ಆಮೇಲೆ ಮತ್ತೊಂದು. ಅಂಗಿ ಎಂದೂ ಜೋಲಲಿಲ್ಲ. ಆಸ್ಪತ್ರೆಯಲ್ಲಿ ತೂಕ ನೋಡಲು ಕರೆದರೆ, "ನಿನ್ನೆ ತಾನೇ ನೋಡಿದ್ದೆ ಕಣಮ್ಮ, ಅರವತ್ತೆರಡು" ಅನ್ನುತ್ತಿದ್ದ. ಸಾಲು ಉದ್ದವಿತ್ತು. ನರ್ಸು ಬರೆದುಕೊಳ್ಳುತ್ತಿದ್ದಳು.

ಒಂದು ದಿನ ಹೆಂಡತಿ ಅಂಗಿಯನ್ನು ಒಗೆದು, ಒಳಮಗ್ಗುಲು ಹೊರಗೆ ಮಾಡಿ ಒಣಗಹಾಕಿದಳು. ಒಂದರ ಪಕ್ಕ ಒಂದು, ಮೂರು ಹೊಲಿಗೆ ಕಂಡಿತು. ಅವಳು ಅಳಲಿಲ್ಲ. ಅಂಗಿ ಹಿಡಿದು, ಗಂಡನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದಳು.

"ಊರವರಿಗೆಲ್ಲ ಅಳತೆ ಹಿಡಿಯೋರು ಇವರು. ಕಟ್ಟಿಕೊಂಡವಳಿಗೇ ಸುಳ್ಳು ಅಳತೆ ಕೊಟ್ಟವರೆ, ನೋಡಿ ಸಾರ್" ಅಂದಳು.

ಡಾಕ್ಟರು ಮತ್ತೆ ರಕ್ತ ನೋಡಿದರು. ರೋಗ ಇದ್ದಲ್ಲೇ ಇತ್ತು. ಅವರು ಅಂಗಿಯನ್ನು ತಿರುಗಿಸಿ ನೋಡುತ್ತಾ, "ಹೆಚ್ಚಾದ ಬಟ್ಟೆ ಯಾಕೆ ಕತ್ತರಿಸಲಿಲ್ಲ?" ಎಂದು ಕೇಳಿದರು.

"ಕತ್ತರಿಸಬಾರದು ಸಾರ್. ಒಳಗೆ ಬಿಟ್ಟೇ ಹೊಲಿಯೋದು. ಮುಂದೆ ಮೈ ತುಂಬಿಕೊಂಡರೆ ಬಿಚ್ಚಬೇಕಲ್ಲ" ಅಂದ ದರ್ಜಿ. ಅಂದವನು ತನ್ನ ಮಾತು ತಾನೇ ಕೇಳಿಸಿಕೊಂಡು, ಅಲ್ಲೇ ಕೂತು ಅತ್ತ.

ಅವತ್ತು ಡಾಕ್ಟರು ಅವನ ಭಯವನ್ನು ಮೊದಲ ಸಲ ಪೂರಾ ಕೇಳಿದರು. ರೋಗ ನಿಧಾನದ್ದಾದ್ದರಿಂದ ಔಷಧಿ ಬೇಡ ಅಂದದ್ದು, ಕೈಬಿಟ್ಟದ್ದಲ್ಲ ಎಂದು ತಿಳಿಸಿದರು. ಭಯಕ್ಕೂ ಮನಸ್ಸಿನ ಮಂಕಿಗೂ ಬೇರೆ ಚಿಕಿತ್ಸೆ ಶುರುವಾಯಿತು. ಆರು ತಿಂಗಳಿಗೆ ಅವನು ಒಂದು ಹೊಲಿಗೆ ಬಿಚ್ಚಿದ. ಉಳಿದ ಎರಡು ಹಾಗೇ ಇದ್ದವು.

ಗುರುಗಳು ಕತೆ ನಿಲ್ಲಿಸಿದರು. ನಾನು ಜಾರಿಕೊಳ್ಳಲು ನೋಡಿದೆ.

"ನಮ್ಮಣ್ಣ ದರ್ಜಿಯಲ್ಲ ಬುದ್ಧಿ. ಅವನು ಏನನ್ನೂ ಮುಚ್ಚಿಟ್ಟಿಲ್ಲ. ಊಟ ಬಿಟ್ಟಿರೋದು ಮನೆಯವರಿಗೆಲ್ಲ ಕಾಣುತ್ತಲೇ ಇದೆ."

"ಹೌದಪ್ಪ, ಆ ದರ್ಜಿಗೆ ಮುಚ್ಚಿಡುವಷ್ಟಾದರೂ ಶಕ್ತಿಯಿತ್ತು" ಅಂದರು ಗುರುಗಳು.

ನಾನು ಎದ್ದೆ. ಒಳಗೆ ಹೋಗಿ ಎರಡು ಪಂಚೆ, ಒಂದು ಟವೆಲ್ಲು ಚೀಲಕ್ಕೆ ತುಂಬತೊಡಗಿದೆ.