ತೊಟ್ಟಿಯೊಳಗಿನ ಹೊಳೆ

"ಮೇಷ್ಟ್ರೇ, ಸಣ್ಣ ಸುಳಿಗಳನ್ನು ಲೆಕ್ಕದಿಂದ ಬಿಟ್ಟುಬಿಡಲೇ?"

ಹೀಗೆ ಕೇಳಿದವಳು ಶಿಷ್ಯೆ ನಾಗವೇಣಿ. ದೂರದ ಒಂದು ದೊಡ್ಡ ಗ್ರಹದ ಗಾಳಿಯನ್ನು ಕಂಪ್ಯೂಟರಿನೊಳಗೆ ಬೀಸುವಂತೆ ಮಾಡುವುದು ಅವಳ ಕೆಲಸ. ಗ್ರಹವನ್ನು ಚೌಕಚೌಕವಾಗಿ ವಿಂಗಡಿಸಿ, ಒಂದೊಂದು ಚೌಕದಲ್ಲಿ ಗಾಳಿ ಎತ್ತ ಹೋಗುತ್ತದೆಂದು ಲೆಕ್ಕ ಹಾಕಬೇಕು. ಚೌಕಕ್ಕಿಂತ ಸಣ್ಣ ಸುಳಿಗಳು ಲೆಕ್ಕಕ್ಕೆ ಸಿಗುತ್ತಿರಲಿಲ್ಲ, ಸುಮ್ಮನೆಯೂ ಇರುತ್ತಿರಲಿಲ್ಲ. ಅವುಗಳ ಗದ್ದಲಕ್ಕೆ ಇಡೀ ಲೆಕ್ಕವೇ ಸಿಡಿದುಹೋಗುತ್ತಿತ್ತು. ಅವನ್ನು ಸವರಿ ನಯ ಮಾಡಿದರೆ ಮಾತ್ರ ಗಾಳಿ ರೇಷ್ಮೆ ಸೀರೆಯ ಪಟ್ಟೆಗಳಂತೆ ಹರಿಯುತ್ತಿತ್ತು. ಆ ಗ್ರಹಕ್ಕೆ ಹೊರಟ ನೌಕೆಯನ್ನು ಎಲ್ಲಿ ಇಳಿಸಬೇಕೆಂಬುದು ಅವಳ ಲೆಕ್ಕದ ಮೇಲೆಯೇ ನಿಂತಿತ್ತು. ಮರುದಿನ ಒಪ್ಪಿಸಬೇಕಿತ್ತು.

ಶೇಷಪ್ಪ ಮೇಷ್ಟ್ರು ಮೀಸೆ ತಿರುವಿದರು. "ನನ್ನನ್ನು ಕೇಳಿದೆಯಲ್ಲ, ಬದುಕಿದೆ. ಸೂರ್ಯನ ಹೊಟ್ಟೆಯಲ್ಲಿರುವ ಪ್ಲಾಸ್ಮಾವನ್ನು ಬಳೆಯಂತೆ ಬಗ್ಗಿಸಿ ಕಾಂತದ ಬೇಲಿಯೊಳಗೆ ಕೂರಿಸಿದವನು ನಾನು. ಗುರುಗ್ರಹ ಈಗಲೂ ನನ್ನ ಹೆಸರು ಕೇಳಿದರೆ ಗಾಳಿ ತಗ್ಗಿಸುತ್ತದೆ."

"ಅದನ್ನು ನೀವು ನೋಡಿದ್ದೀರಾ ಮೇಷ್ಟ್ರೇ?"

"ಅದು ನನ್ನನ್ನು ನೋಡಿದೆ. ಅಷ್ಟು ಸಾಕು. ಕತೆ ಕೇಳು."

ಮೇಷ್ಟ್ರು ಹೇಳತೊಡಗಿದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನದು ಬುಟ್ಟಿಯಂತೆ ದುಂಡಗಿನ ಹರಿಗೋಲು. ಹೊಳೆಯ ನಡುವೆ ಒಂದು ನಡುಗಡ್ಡೆ. ಮಗಳನ್ನು ಅಲ್ಲಿಗೇ ಮದುವೆ ಮಾಡಿ ಕೊಟ್ಟಿದ್ದ. ಈಚೆ ದಡದಲ್ಲಿ ಹತ್ತಿ ಇಳಿಯಲು ಇದ್ದದ್ದು ಒಂದೇ ಕಡವು. ಕಡವಿನಿಂದ ಹೊಳೆ ಹರಿಯುವ ದಿಕ್ಕಿಗೆ ದಡದುದ್ದಕ್ಕೂ ಗೋಡೆಯಂಥ ಬಂಡೆ. ಬಂಡೆ ಮುಗಿದಲ್ಲಿ ನೀರು ಧುಮುಕುವ ಕಮರಿ.

ಬಂಡೆಯ ಬುಡದುದ್ದಕ್ಕೂ ನೀರಿನಲ್ಲಿ ಗುಂಡುಕಲ್ಲುಗಳಿದ್ದವು. ಒಂದೊಂದು ಕಲ್ಲಿನ ಹಿಂದೆ ಒಂದೊಂದು ಸುಳಿ. ಕಡವು ಬಿಟ್ಟ ಹರಿಗೋಲು ಪ್ರತಿ ಸುಳಿಗೂ ಸಿಕ್ಕಿ ಗಿರಗಿರ ತಿರುಗುತ್ತಿತ್ತು. ಕುಳಿತವರು ಅಂಚು ಹಿಡಿದುಕೊಂಡು ಕೂಗುತ್ತಿದ್ದರು.

'ಅಂಬಿಗಣ್ಣ, ನಮ್ಮನ್ನು ದಾಟಿಸುತ್ತೀಯೋ, ರುಬ್ಬುತ್ತೀಯೋ?' ಎಂದು ಜನ ಆಡಿಕೊಂಡರು.

ಅಂಬಿಗನಿಗೆ ಅವಮಾನವಾಯಿತು. ಅವನೇನು ದಡ್ಡನಲ್ಲ, ಬುದ್ಧಿಯಲ್ಲಿ ನನ್ನ ಅರ್ಧದಷ್ಟಾದರೂ ಇದ್ದ. ಅಂಗಳದಲ್ಲಿ ಉದ್ದನೆಯ ತೊಟ್ಟಿ ಕಟ್ಟಿದ. ಹೊಳೆಯ ತಿರುವು, ಬಂಡೆ, ನಡುಗಡ್ಡೆ ಎಲ್ಲವನ್ನೂ ಮಣ್ಣಿನಲ್ಲಿ ಮಾಡಿದ. ಕಲ್ಲುಗಳಿದ್ದ ಜಾಗದಲ್ಲಿ ಹುಣಿಸೆ ಬೀಜ ನೆಟ್ಟ. ನೀರು ಹರಿಸಿ, ಕಡವಿನ ಬಳಿ ಅರಿಸಿನ ಬಿಟ್ಟ. ಅರಿಸಿನ ಬೀಜಗಳ ನಡುವೆ ಕದಡಿ ಚೆಲ್ಲಾಪಿಲ್ಲಿಯಾಯಿತು. ಅದರಲ್ಲಿ ಸ್ವಲ್ಪ ಬಂಡೆಯ ಮಗ್ಗುಲಿಗೆ ಸರಿದು ಹಿಂದಕ್ಕೂ ಹೋಯಿತು. ಅಂಬಿಗ ಅದನ್ನು ಗಲೀಜು ಎಂದುಕೊಂಡ. ಬೀಜಗಳನ್ನು ಕಿತ್ತ. ಅರಿಸಿನದ ಗೆರೆ ದಾರ ಎಳೆದಂತೆ ನೆಟ್ಟಗೆ ನಡುಗಡ್ಡೆಯನ್ನು ಮುಟ್ಟಿತು. ಊರವರನ್ನು ಕರೆದು ತೋರಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಬೇಸಿಗೆಯಲ್ಲಿ ನೀರು ಇಳಿದಾಗ ಅವರೆಲ್ಲ ಕೂಡಿ ಹೊಳೆಯ ಕಲ್ಲುಗಳನ್ನು ಹಾರೆ ಹಾಕಿ ಎಬ್ಬಿಸಿದರು. ಒಂದನ್ನೂ ಉಳಿಸದೆ ಕಮರಿಗೆ ಉರುಳಿಸಿದರು.

ಮೊದಲ ಮಳೆ ಬಂತು. ಹರಿಗೋಲು ಬಾಣದಂತೆ ಹೋಯಿತು. ಎಷ್ಟು ಬೇಗ ಹೋಯಿತೆಂದರೆ, ಕುಳಿತವರ ನೆರಳುಗಳು ದಡದಲ್ಲೇ ಉಳಿದು ಮುಂದಿನ ಸರದಿಗೆ ಕಾಯಬೇಕಾಯಿತು. ನಗಬೇಡ, ಆ ನೆರಳುಗಳಿಗೆ ಮಜ್ಜಿಗೆ ಕೊಟ್ಟವನೇ ನಾನು. ಹೊಳೆ ಇನ್ನೂ ಆಳವಾಗಿರಲಿಲ್ಲ. ಹಿಂದಿರುಗುವಾಗ ಅಂಬಿಗ ಬಿದಿರಿನ ಜಲ್ಲೆ ಊರಿಕೊಂಡು ಮೇಲೆ ಬಂದ. ತೋಳು ನೊಂದಿತು. ವಯಸ್ಸಾಯಿತು ಎಂದುಕೊಂಡ.

ಆಮೇಲೆ ಹೊಳೆ ತುಂಬಿತು. ನಡುಗಡ್ಡೆಯ ಮನೆಗಳ ಹೊಸ್ತಿಲಿಗೆ ನೀರು ಬಂತು. ಅಲ್ಲಿಯವರು ದಿಬ್ಬ ಹತ್ತಿದರು. ಅದೇ ಹೊತ್ತಿಗೆ ತುಂಬು ಬಸುರಿಯಾಗಿದ್ದ ಮಗಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಇದ್ದದ್ದು ಈಚೆ ದಡದಲ್ಲಿ. ಆಚೆಯವರ ಕೂಗು ಕೇಳಿ ಅಂಬಿಗ ಹೋದ. ಅಳಿಯ ಹೆಂಡತಿಯನ್ನು ಎತ್ತಿ ಹರಿಗೋಲಿನಲ್ಲಿ ಕೂರಿಸಿ, ಭಾರ ಹೆಚ್ಚದಿರಲೆಂದು ತಾನು ಅಲ್ಲೇ ಉಳಿದ.

ಹರಿಗೋಲು ನಡುನೀರು ದಾಟಿತು. ಬಂಡೆಯ ಬುಡಕ್ಕೆ ಬಂದರು. ಇನ್ನು ಹರಿವಿಗೆ ಎದುರಾಗಿ ಕಡವಿನವರೆಗೆ ಏರಬೇಕು. ಜಲ್ಲೆಗೆ ನೆಲ ಸಿಗಲಿಲ್ಲ. ಅಂಬಿಗ ಹುಟ್ಟು ಹಾಕಿದ. ಹರಿಗೋಲು ಒಂದು ಗೇಣೂ ಏರಲಿಲ್ಲ. ಕೆಳಕ್ಕೆ ಜಾರಿತು.

ಇದಕ್ಕಿಂತ ದೊಡ್ಡ ನೀರಿನಲ್ಲಿ, ಇದೇ ಬಂಡೆಯ ಮಗ್ಗುಲಲ್ಲಿ, ಅವನು ಎಷ್ಟೋ ಮಳೆಗಾಲ ಸಲೀಸಾಗಿ ಏರಿದ್ದ. ಕಲ್ಲುಗಳ ಹಿಂದಿನ ಸುಳಿಗಳು ಒಂದರ ಕೈಯನ್ನೊಂದು ಹಿಡಿದು ದಡದ ಪಕ್ಕಕ್ಕೆ ಹಿಮ್ಮುಖವಾದ ಒಂದು ಹರಿವನ್ನು ಕಟ್ಟುತ್ತಿದ್ದವು. ಹರಿಗೋಲನ್ನು ಮನೆಗೆ ತರುತ್ತಿದ್ದದ್ದು ಆ ಹರಿವು. ಅಂಬಿಗ ಅದನ್ನು ತನ್ನ ತೋಳಿನ ಬಲವೆಂದು ತಿಳಿದಿದ್ದ.

'ಅಪ್ಪಾ, ನೀರು ಮೇಲಕ್ಕೆ ಒಯ್ಯುವ ಜಾಗ ಇನ್ನೂ ಬರಲಿಲ್ಲವೇ?' ಎಂದಳು ಮಗಳು.

'ಇದೇ ಮಗಾ ಅದು' ಎಂದ ಅಂಬಿಗ.

ಕಮರಿಯ ಮೊರೆತ ಹತ್ತಿರವಾಯಿತು. ಬಂಡೆಯ ಸೀಳಿನಿಂದ ಅತ್ತಿಮರದ ಬೇರೊಂದು ಇಳಿಬಿದ್ದಿತ್ತು. ಅಂಬಿಗ ಒಂದು ಕೈಯಲ್ಲಿ ಅದನ್ನು ಹಿಡಿದ. ಹರಿಗೋಲು ನಿಂತಿತು. ಬಂಡೆಯ ಮೇಲಿಂದ ಜನ ಹಗ್ಗ ಇಳಿಬಿಟ್ಟರು. ಮಗಳ ಕೈಯಲ್ಲಿ ಹಿಡಿದು ನೇತಾಡುವ ತ್ರಾಣವಿರಲಿಲ್ಲ. ಹಗ್ಗವನ್ನು ಅವಳ ಕಂಕುಳಿಗೆ ಸುತ್ತಿ ಕಟ್ಟಬೇಕಿತ್ತು. ಕಟ್ಟಲು ಎರಡು ಕೈ ಬೇಕಿತ್ತು. ಅಂಬಿಗ ಬೇರನ್ನು ಬಿಟ್ಟ.

ಗಂಟು ಬಿಗಿಯುವ ಹೊತ್ತಿಗೆ ಹರಿಗೋಲು ಮಗಳ ಕಾಲಡಿಯಿಂದ ಜಾರಿತ್ತು. ಅವಳನ್ನು ಮೇಲೆಳೆದರು. ಮಗುವೂ ಬದುಕಿತು. ಅಂಬಿಗ ಸಿಗಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ನಾಗವೇಣಿ ಹೇಳಿದಳು: "ಸಣ್ಣವೇ ಕೂಡಿ ದೊಡ್ಡ ಹರಿವಾಗುತ್ತವೆ. ಆ ಗ್ರಹದ ಗಾಳಿಯೂ ಹಾಗೆಯೇ ಇದ್ದೀತು. ಆದರೆ ಎಲ್ಲರೂ ಕಾದು ಕುಳಿತಿದ್ದಾರೆ ಮೇಷ್ಟ್ರೇ. ನಾಳೆ ನಯ ಮಾಡಿದ್ದನ್ನೇ ಒಪ್ಪಿಸಿ, ತಪ್ಪಿದ್ದರೆ ಆಮೇಲೆ ತಿದ್ದಿಕೊಂಡರಾಗದೇ?"

"ಆಗುತ್ತದೆ ತಾಯಿ, ನೌಕೆ ಇಳಿಯುವಲ್ಲಿ ಹಗ್ಗ ಕೊಟ್ಟು ಯಾರನ್ನು ನಿಲ್ಲಿಸಿದ್ದೀಯೆ?"